ಹುಳುವಾದವನ ಹಾಜರಿ

“ಅದೆಲ್ಲ ಸರಿ ಮಾರಾಯ. ಅವತ್ತಿನ ಹಾಜರಿ ಏನಾಯ್ತು?”

ಕತೆ ಓದಿ ಮುಗಿಸಿದ ಮೇಲೆ ರೈಟ್ರು ಕೇಳಿದ್ದು ಇದೊಂದೇ. ಓದಿದ್ದು ಕಾಫ್ಕಾನ ಕತೆ. ಗ್ರೆಗರ್ ಸಾಮ್ಸಾ ಅನ್ನೋ ಸೇಲ್ಸ್‌ಮನ್ ಒಂದು ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಹುಳುವಾಗಿದ್ದಾನೆ. 1915ರಲ್ಲಿ ಅಚ್ಚಾದ ಕತೆ, ಓದದವರಿಗೂ ಗೊತ್ತಿರುವ ಕತೆ. ನಾನು ಒಂದಿಷ್ಟು ಬಿಟ್ಟು, ಒಂದಿಷ್ಟನ್ನು ಅಲ್ಲಲ್ಲೇ ಸರಳ ಮಾಡಿಕೊಂಡು ಓದಿದ್ದೆ. ಮನುಷ್ಯ ಹುಳುವಾಗೋದು ಹೇಗೆ, ಯಾಕೆ ಅಂತ ಕೇಳೇ ಕೇಳ್ತಾರೆ ಅಂತ ಉತ್ತರ ಕೂಡ ರೆಡಿ ಇಟ್ಟುಕೊಂಡಿದ್ದೆ. ಒಂಟಿತನ, ಕೆಲಸದ ಒತ್ತಡ, ಅಪ್ಪ ಮಗನ ಜಗಳ, ಹೀಗೆ. ಅವರು ಅದು ಯಾವುದನ್ನೂ ಕೇಳಲಿಲ್ಲ. ಹುಳುವಾದ ದಿನ ಅವನಿಗೆ ಸಂಬಳ ಬಿತ್ತೋ ಇಲ್ಲವೋ, ಅಷ್ಟೇ ಅವರಿಗೆ ಬೇಕಿತ್ತು. ನಾನು ನಕ್ಕೆ. ಮನೆಗೆ ಬರುವ ದಾರಿಯಲ್ಲೂ ನಗುತ್ತಲೇ ಬಂದೆ. ರಾತ್ರಿ ಮಲಗುವ ಹೊತ್ತಿಗೆ ನಗು ನಿಂತಿತ್ತು. ಎರಡು ವರ್ಷವಾಯಿತು, ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ರೈಟ್ರು ಅಂದರೆ ಕತೆ ಬರೆಯುವವರಲ್ಲ. ಕೊಡಗಿನ ಕಡೆ ರೈಟರ್ ಅಂದರೆ ಕಾಫಿ ತೋಟದ ಲೆಕ್ಕ ಬರೆಯುವವರು. ಬೆಳಿಗ್ಗೆ ಆಳುಗಳನ್ನು ಎಣಿಸಿ ಚೆಕ್‌ರೋಲ್‌ನಲ್ಲಿ ಗೀಟು ಹಾಕೋದು, ಬಂದವರಿಗೆ ಒಂದು, ಅರ್ಧ ದಿನದವರಿಗೆ ಅರ್ಧ, ಬಾರದವರಿಗೆ ಸೊನ್ನೆ. ಸಂಜೆ ಕುಯ್ದ ಹಣ್ಣು ತೂಗಿ ಬರೆಯೋದು. ಕಣದಲ್ಲಿ ಎಷ್ಟು ಚೆರ್ರಿ ಒಣಗ್ತಾ ಇದೆ, ಗೋದಾಮಿನಲ್ಲಿ ಎಷ್ಟು ಮೂಟೆ ಇದೆ, ಗೊಬ್ಬರ ಎಷ್ಟು ಖರ್ಚಾಯ್ತು, ಎಲ್ಲ ಅವರ ಪುಸ್ತಕದಲ್ಲಿ. ನಮ್ಮ ರೈಟ್ರು ಮಾದಾಪುರದ ಆಚೆ ಒಂದು ತೋಟದಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಇದನ್ನೇ ಮಾಡಿದವರು. ಈಗ ಸುಂಟಿಕೊಪ್ಪದಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ. ಅಪ್ಪನ ಸ್ನೇಹಿತರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವರ ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಪೇಪರ್ ಓದೋ ಹಾಗಿಲ್ಲ, ಟಿವಿ ನೋಡೋ ಹಾಗಿಲ್ಲ. ಟಿವಿ ನೋಡೋಣ ಅಂದ್ರೂ ಮೂರು ದಿನದಿಂದ ಕರೆಂಟಿಲ್ಲ. “ಏನಾದ್ರೂ ಓದಿ ಹೇಳೋ” ಅಂದರು. ನನ್ನ ಹತ್ತಿರ ಕೈಗೆ ಸಿಕ್ಕಿದ್ದು ಆ ಕಟ್ಟಿನ ಕತೆಗಳು.

ಆ ಕಟ್ಟಿನ ಬಗ್ಗೆ ಹೇಳಲೇಬೇಕು. ಹತ್ತು ಹನ್ನೆರಡು ವರ್ಷದಿಂದ ನಾನು ವಿಚಿತ್ರ ಕತೆಗಳನ್ನು ಕೂಡಿಹಾಕುತ್ತಾ ಬಂದಿದ್ದೇನೆ. ದೆವ್ವದ ಕತೆಗಳಲ್ಲ. ಮೂಗು ಮುಖ ಬಿಟ್ಟು ಓಡಿಹೋಗುವ ಕತೆ, ಮನೆಯನ್ನು ಯಾರೋ ಕೋಣೆ ಕೋಣೆಯಾಗಿ ಆಕ್ರಮಿಸುವ ಕತೆ, ಅಂಥವು. ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನು ನನಗೋಸ್ಕರ ಕನ್ನಡ ಮಾಡಿಕೊಂಡೆ, ಕನ್ನಡದಲ್ಲೇ ಇದ್ದದ್ದನ್ನು ಜೆರಾಕ್ಸ್ ಮಾಡಿಸಿದೆ. ಒಟ್ಟು ನಲವತ್ತೊಂದು. ಮಡಿಕೇರಿಯ ಒಂದು ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದೆ. ಯಾರೂ ಅಚ್ಚು ಹಾಕದ, ಮಾರಾಟಕ್ಕಿಲ್ಲದ, ನನ್ನೊಬ್ಬನದೇ ಕಥಾಸಂಕಲನ. ಮೇಲಿನ ಪ್ಲಾಸ್ಟಿಕ್ ಹಾಳೆಯ ಒಳಗೆ ಬೂಷ್ಟು ಹಿಡಿದಿದೆ. ಅದು ನಮ್ಮೂರಿನ ಮಳೆಗಾಲದ ಸೀಲು.

ಯಾವ ಹುಳು?

ಹಾಜರಿ ಆದ ಮೇಲೆ ರೈಟ್ರ ಎರಡನೇ ಪ್ರಶ್ನೆ: “ಹುಳು ಅಂದ್ರೆ ಯಾವ ಹುಳು? ಬೋರರ್ರಾ?”

ಅರೇಬಿಕಾ ಬೆಳೆಯುವವರ ಮನೆಯಲ್ಲಿ ಹುಳು ಅಂದರೆ ಕಾಂಡ ಕೊರೆಯುವ ಬೋರರ್. ಒಳಗೇ ತಿನ್ನುತ್ತಾ ಹೋಗುತ್ತೆ. ಗಿಡ ಬಾಡಿದ ಮೇಲೆ ಕಿತ್ತು ಸುಡೋದೊಂದೇ ದಾರಿ. ಕಾಫ್ಕಾನ ಹುಳು ಯಾವುದು ಅಂತ ನನಗೂ ಗೊತ್ತಿರಲಿಲ್ಲ. ಜರ್ಮನ್‌ನಲ್ಲಿ ಅವನು ಬಳಸಿದ ಪದ ಇಂಥದ್ದೇ ಹುಳು ಅಂತ ಹೇಳುವುದಿಲ್ಲ, ಹೊಲಸು ಜಂತು ಅನ್ನೋ ಹಾಗಿದೆ. ಪುಸ್ತಕ ಅಚ್ಚಿಗೆ ಹೋಗುವಾಗ ಮುಖಪುಟದಲ್ಲಿ ಆ ಹುಳುವಿನ ಚಿತ್ರ ಮಾತ್ರ ಬೇಡ, ದೂರದಿಂದ ಕಾಣೋ ಹಾಗೂ ಬರೆಯಬೇಡಿ ಅಂತ ಪ್ರಕಾಶಕರಿಗೆ ಕಾಗದ ಬರೆದಿದ್ದ. ಹುಳುವಿನ ವಿಷಯದಲ್ಲಿ ಇಷ್ಟು ಗುಟ್ಟು ಮಾಡಿದವನು ಉಳಿದ ಎಲ್ಲದರಲ್ಲೂ ಪಕ್ಕಾ ಲೆಕ್ಕ ಕೊಡುತ್ತಾನೆ. ಅಲಾರಂ ಇಟ್ಟಿದ್ದು ನಾಲ್ಕಕ್ಕೆ. ರೈಲು ಐದಕ್ಕೆ. ಈಗ ಗಂಟೆ ಆರೂವರೆ. ಮುಂದಿನ ರೈಲು ಏಳಕ್ಕೆ. ಬೆನ್ನ ಮೇಲೆ ಬಿದ್ದುಕೊಂಡು, ಅಷ್ಟೊಂದು ಕಾಲು ಆಡಿಸುತ್ತಾ ಗ್ರೆಗರ್ ಯೋಚನೆ ಮಾಡೋದು ಇದನ್ನೇ, ರೈಲು ಹೋಯ್ತಲ್ಲ ಅಂತ. ಏಳು ದಾಟುವಷ್ಟರಲ್ಲಿ ಕಂಪನಿಯ ಮುಖ್ಯ ಗುಮಾಸ್ತ ಮನೆ ಬಾಗಿಲಿಗೆ ಬಂದೂ ಆಗಿದೆ. ಯಾಕೆ ಬಂದಿಲ್ಲ ಅಂತ ವಿಚಾರಿಸೋಕೆ.

ಅಂದರೆ ರೈಟ್ರ ಪ್ರಶ್ನೆ ಕತೆಯ ಹೊರಗಿನದಲ್ಲ. ಕತೆ ಇರೋದೇ ಅಲ್ಲಿ. ಕೊನೆಗೆ ಗ್ರೆಗರ್ ಸತ್ತ ಬೆಳಿಗ್ಗೆ ಅಪ್ಪ, ಅಮ್ಮ, ತಂಗಿ ಮೂರೂ ಜನ ಮೇಜಿಗೆ ಕೂತು ಮಾಡುವ ಕೆಲಸ ಏನು ಗೊತ್ತಾ? ಅವರವರ ಧಣಿಗಳಿಗೆ ಒಬ್ಬೊಬ್ಬರು ಒಂದೊಂದು ರಜೆ ಚೀಟಿ ಬರೆಯುತ್ತಾರೆ. ಈ ಸಾಲನ್ನು ನಾನು ಮೊದಲ ಸಲ ಓದಿ ಹೇಳುವಾಗ ಬಿಟ್ಟುಬಿಟ್ಟಿದ್ದೆ. ಮುಖ್ಯ ಅನ್ನಿಸಿರಲಿಲ್ಲ. ಮರುದಿನ ಹೋಗಿ ಅದೊಂದು ಪ್ಯಾರಾ ಓದಿ ಹೇಳಿದೆ. ರೈಟ್ರು ಕಣ್ಣಿನ ಹಸಿರು ಬಟ್ಟೆಯನ್ನು ಸ್ವಲ್ಪ ಎತ್ತಿ ನನ್ನ ಕಡೆ ನೋಡಿದರು. “ಹಾಗೆ ಹೇಳು. ಬರೆದವನು ಆಫೀಸಿನವನೇ ಇರಬೇಕು” ಅಂದರು.

ಹೌದು, ಆಫೀಸಿನವನೇ. ಪ್ರಾಗ್ ಊರಿನಲ್ಲಿ ಕಾರ್ಮಿಕರ ಅಪಘಾತ ವಿಮೆಯ ಸಂಸ್ಥೆಯೊಂದರಲ್ಲಿ 1908ರಿಂದ 1922ರವರೆಗೆ ಕೆಲಸ ಮಾಡಿದವನು. ಮರ ಹೆರೆಯುವ ಯಂತ್ರಕ್ಕೆ ಕೈಬೆರಳು ಸಿಕ್ಕಿ ಹೇಗೆ ತುಂಡಾಗುತ್ತೆ, ಅದನ್ನು ತಪ್ಪಿಸೋಕೆ ಯಂತ್ರಕ್ಕೆ ಎಂಥ ತಿರುಗುವ ದಂಡ ಹಾಕಬೇಕು ಅಂತ ಚಿತ್ರ ಸಮೇತ ವರದಿ ಬರೆದವನು. ಹಗಲು ಬೆರಳಿನ ಲೆಕ್ಕ, ರಾತ್ರಿ ಹುಳುವಿನ ಲೆಕ್ಕ. ಎರಡಕ್ಕೂ ಒಂದೇ ಕೈಬರಹ.

ಅಲ್ಲಿಂದ ನಾನು ಕಟ್ಟಿನಲ್ಲಿದ್ದ ಉಳಿದ ಕತೆಗಳನ್ನೂ ಹೀಗೇ ನೋಡೋಕೆ ಶುರು ಮಾಡಿದೆ. ಎಲ್ಲ ಕಡೆ ಗುಮಾಸ್ತರೇ! ರಷ್ಯಾದ ಗೊಗೋಲ್ 1836ರಲ್ಲಿ ಅಚ್ಚು ಹಾಕಿಸಿದ ಮೂಗಿನ ಕತೆ ನೋಡಿ. ಸರಕಾರಿ ನೌಕರನೊಬ್ಬನ ಮೂಗು ಕಾಣೆಯಾಗುತ್ತೆ. ಅದು ಊರಲ್ಲಿ ಸಾರೋಟಿನಲ್ಲಿ ಓಡಾಡುತ್ತಿದೆ, ಮೂಗಿನ ಯಜಮಾನನಿಗಿಂತ ದೊಡ್ಡ ಹುದ್ದೆಯ ಯೂನಿಫಾರಂ ಹಾಕಿಕೊಂಡು. ಅವನು ಅದನ್ನು ಮಾತಾಡಿಸೋಕೆ ಹಿಂದೆಮುಂದೆ ನೋಡುತ್ತಾನೆ, ಯಾಕಂದ್ರೆ ಮೇಲಧಿಕಾರಿ ಅಲ್ವಾ. ಆಮೇಲೆ ಪತ್ರಿಕೆ ಆಫೀಸಿಗೆ ಹೋಗಿ ಮೂಗು ಕಳೆದಿದೆ ಅಂತ ಜಾಹೀರಾತು ಕೊಡೋಕೆ ನೋಡುತ್ತಾನೆ. ಅಲ್ಲಿನ ಗುಮಾಸ್ತ ಆಗಲ್ಲ ಅನ್ನುತ್ತಾನೆ. ಇಂಥದ್ದೆಲ್ಲ ಹಾಕಿದರೆ ಪತ್ರಿಕೆಯ ಹೆಸರು ಹಾಳಾಗುತ್ತಂತೆ. ಪಾಪ ಅನ್ನಿಸಿ ಸಮಾಧಾನಕ್ಕೆ ನಶ್ಯದ ಡಬ್ಬಿ ಮುಂದೆ ಹಿಡಿಯುತ್ತಾನೆ, ಮೂಗಿಲ್ಲದವನ ಮುಂದೆ. ಇದನ್ನು ಕೇಳಿ ರೈಟ್ರು ನಕ್ಕಿದ್ದಕ್ಕೆ ಒಳಗಿನಿಂದ ಅತ್ತೆ ಬಂದು, ಆಪರೇಷನ್ ಆದ ಕಣ್ಣು, ಹೀಗೆ ನಗಿಸಬೇಡ ಅಂತ ನನಗೇ ಬೈದರು.

ಮಂಜು ಬಂದರೆ ಕತೆ ಕೆಟ್ಟಿತು

ಈಗ ನನ್ನ ಮಾನ ಹೋದ ವಿಷಯ. ಕಟ್ಟಿನ ಕೊನೆಯಲ್ಲಿ, ಹೆಸರು ಹಾಕದೆ, ನಾನೇ ಬರೆದ ಒಂದು ಕತೆಯನ್ನೂ ಸೇರಿಸಿದ್ದೆ. ಸುಮ್ನೆ, ದೊಡ್ಡವರ ಪಕ್ಕ ಕೂತರೆ ಹೇಗೆ ಕಾಣುತ್ತೆ ನೋಡೋಣ ಅಂತ. ಕತೆ ಹೀಗೆ: ತೋಟದ ನಡುವೆ ಮಂಜು ಇಳಿಯುತ್ತೆ, ಸತ್ತುಹೋದ ಅಜ್ಜ ಮಂಜಿನಿಂದ ನಡೆದು ಬರುತ್ತಾನೆ, ಕಾಫಿ ಹೂವಿನ ವಾಸನೆ, ಮೊಮ್ಮಗನಿಗೆ ಏನೋ ಹೇಳಿ ಮಾಯವಾಗುತ್ತಾನೆ. ಬರೆದಾಗ ಕಣ್ಣಲ್ಲಿ ನೀರು ಬಂದಿತ್ತು.

ರೈಟ್ರು ಪೂರ್ತಿ ಕೇಳಿದರು. “ಕಾಫಿ ಹೂ ಬಿಟ್ಟಿದೆ ಅಂದ್ರೆ ಮಾರ್ಚೋ ಏಪ್ರಿಲ್ಲೋ ಇರಬೇಕು. ಮಧ್ಯಾಹ್ನ ಎರಡು ಗಂಟೆಗೆ ಇಷ್ಟು ಮಂಜು ಎಲ್ಲಿಂದ ಬಂತು?” ಅಂದರು. ಆಮೇಲೆ, “ಅಜ್ಜ ಬಂದಾಗ ಚಪ್ಪಲಿ ಹಾಕಿದ್ನಾ?”

ಗೊತ್ತಿರಲಿಲ್ಲ. ನನ್ನ ಅಜ್ಜ, ನನ್ನ ಕತೆ, ಅವನ ಕಾಲಲ್ಲಿ ಏನಿತ್ತು ಅಂತ ನನಗೇ ಗೊತ್ತಿರಲಿಲ್ಲ. ಅವರು ಕೊಂಕು ಮಾತಾಡಿದ್ದಲ್ಲ. ಕೊಡವರ ಮನೆಗಳಲ್ಲಿ ಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಎಡೆ ಇಡುವಾಗ ನೋಡಿದ್ದೀರಲ್ಲ. ಹಿರಿಯರಿಗೆ ಯಾವ ಸಾರು ಸೇರುತ್ತಿತ್ತು, ಬ್ರಾಂಡಿಯೋ ಸಾರಾಯಿಯೋ ಅಂತೆಲ್ಲ ಮಾತಾಡಿ ಬಡಿಸುತ್ತಾರೆ. ಸತ್ತವರು ಬರುತ್ತಾರೋ ಇಲ್ಲವೋ ಅನ್ನೋ ಚರ್ಚೆ ಅಲ್ಲಿಲ್ಲ. ಬಂದರೆ ಏನು ಉಣ್ಣುತ್ತಾರೆ ಅನ್ನೋದು ಮಾತ್ರ ಇದೆ. ತಲಕಾವೇರಿಯಲ್ಲೂ ಅಷ್ಟೇ. ತುಲಾ ಸಂಕ್ರಮಣಕ್ಕೆ ಕಾವೇರಿ ಉಕ್ಕುವುದು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಅಂತ ಪೇಪರಿನಲ್ಲಿ ಮೊದಲೇ ಬಂದಿರುತ್ತೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ತಿಂದವರಿಗೆ ಮರುದಿನ ಮೂತ್ರ ಕೆಂಪಗೆ ಹೋಗುತ್ತೆ. ಹೋದರೆ ಮದ್ದು ಹಿಡಿಯಿತು ಅಂತ ಲೆಕ್ಕ. ಹೊರಗಿನವರು ಬೆಚ್ಚಿಬಿದ್ದು ಡಾಕ್ಟರ ಹತ್ತಿರ ಹೋಗ್ತಾರೆ, ನಾವು ದಿನಾಂಕ ನೋಡ್ತೀವಿ.

ಇಷ್ಟು ಹೇಳಿದ ಮೇಲೆ ‘ನಮ್ಮ ಕೊಡಗೇ ಒಂದು ಮಾಯಾಲೋಕ’ ಅಂತ ಬರೆದರೆ ಕೆಲವರಿಗೆ ಖುಷಿಯಾಗುತ್ತೆ. ಆ ಮಾತು ಹೋಂಸ್ಟೇ ಬೋರ್ಡಿನ ಮೇಲೆ ಇರಲಿ. ಮಂಜು, ಮೌನ, ಬೆಟ್ಟ, ಇವು ಇದ್ದ ಕೂಡಲೇ ಕತೆ ವಿಚಿತ್ರ ಆಗುವುದಿಲ್ಲ. ಕತೆಗಾರ ಮಂಜಿನ ಹಿಂದೆ ಅವಿತುಕೊಂಡಿದ್ದಾನೆ ಅಂತ ಮಾತ್ರ ಗೊತ್ತಾಗುತ್ತೆ. ನಾನು ಅವಿತುಕೊಂಡಿದ್ದೆ. 1924ರಲ್ಲಿ ಕವಿ ಆಂದ್ರೆ ಬ್ರೆಟನ್ ಪ್ಯಾರಿಸ್ಸಿನಲ್ಲಿ ಸರ್ರಿಯಲಿಸಂನ ಪ್ರಣಾಳಿಕೆ ತಂದ. ಬುದ್ಧಿಯ ಕಾವಲು ತೆಗೆದು, ಕೈ ಹೋದ ಹಾಗೆ ಬರೆಯಬೇಕು ಅಂದ. ನಾನು ಕಾಲೇಜಿನಲ್ಲಿದ್ದಾಗ ಅದನ್ನೇ ನಂಬಿದ್ದೆ. ಕನಸು ಬಿದ್ದರೆ ಎದ್ದು ಬರೆದಿಡುತ್ತಿದ್ದೆ. ಆ ಪುಸ್ತಕ ಈಗ ತೆಗೆದು ನೋಡಿದರೆ ನನಗೇ ಆಕಳಿಕೆ ಬರುತ್ತೆ. ಬೇರೆಯವರ ಕನಸು ಕೇಳೋದಕ್ಕಿಂತ ಬೇಜಾರಿನ ಕೆಲಸ ಇಲ್ಲ. ಬ್ರೆಟನ್ ಪ್ರಣಾಳಿಕೆ ಬಂದ ವರ್ಷವೇ ಕಾಫ್ಕಾ ತೀರಿಕೊಂಡ, ಅದಕ್ಕೆ ಕೆಲವು ತಿಂಗಳು ಮೊದಲು. ಅವನ ಹುಳುವಿನ ಕತೆಯಲ್ಲಿ ಕಾವಲು ಎಲ್ಲೂ ತೆಗೆದಿಲ್ಲ. ಒಂದೇ ಒಂದು ಲೆಕ್ಕ ತಪ್ಪಿದೆ, ಉಳಿದದ್ದೆಲ್ಲ ಪೈಸೆ ಪೈಸೆಗೆ ತಾಳೆ ಬೀಳುತ್ತೆ.

(ಕೊಡಗು, ಸಣ್ಣಕತೆ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಕೊಡಗಿನ ಗೌರಮ್ಮ. 1939ರಲ್ಲಿ 27ನೇ ವಯಸ್ಸಿಗೆ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಬದುಕಿದ್ದು ಇಲ್ಲೇ, ನಮ್ಮ ಸುಂಟಿಕೊಪ್ಪದ ಹತ್ತಿರದ ತೋಟದಲ್ಲಿ. ಅವರ ಕತೆಗಳಲ್ಲಿ ಹುಳುವೂ ಇಲ್ಲ, ಓಡುವ ಮೂಗೂ ಇಲ್ಲ. ಆದರೂ ಮಂಜಿನ ಮೊರೆ ಹೋಗದೆ ನೇರವಾಗಿ ಬರೆದವರು ಅನ್ನೋ ಕಾರಣಕ್ಕೆ ಇಲ್ಲಿ ನೆನೆಯಬೇಕು ಅನ್ನಿಸಿತು.)

ಮಳೆ ಪುಸ್ತಕ

ಕಣ್ಣು ಸರಿಯಾದ ಮೇಲೆ ಒಂದು ದಿನ ರೈಟ್ರು ನನಗೆ ಓದೋಕೆ ಏನೋ ಕೊಟ್ಟರು. “ನೀನು ಅಷ್ಟು ಓದಿ ಹೇಳಿದೆಯಲ್ಲ, ನನ್ನದೂ ನೋಡು” ಅಂದರು. ಉದ್ದನೆಯ ರಟ್ಟಿನ ಲೆಕ್ಕದ ಪುಸ್ತಕ. ತೋಟದ ಮಳೆ ಪುಸ್ತಕ.

ಇಲ್ಲಿ ತೋಟವಿದ್ದವರೆಲ್ಲ ಮಳೆ ಅಳೆಯುತ್ತಾರೆ. ಇಂಚು ಮತ್ತು ಸೆಂಟು ನಮ್ಮ ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಮದುವೆ ಮನೆಯಲ್ಲಿ ಸಿಕ್ಕಿದರೂ ಮೊದಲ ಮಾತು “ನಿಮ್ಮಲ್ಲಿ ಎಷ್ಟು ಸೆಂಟು?” ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಎಷ್ಟು ಬಿತ್ತು, ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಬಿಟ್ಟ ಮೇಲೆ ಬೇಕಾದ ಎರಡನೇ ಮಳೆ, ಬಂತೋ ಇಲ್ಲವೋ ಅನ್ನೋದರ ಮೇಲೆ ಆ ವರ್ಷದ ಫಸಲು. ರೈಟ್ರು ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಕಣದ ಪಕ್ಕದ ಸಿಮೆಂಟ್ ಕಂಬದ ಮೇಲಿದ್ದ ಗೇಜಿನಿಂದ ನೀರು ಸುರಿದು, ಗಾಜಿನ ಅಳತೆಯಲ್ಲಿ ನೋಡಿ, ಬರೆಯುತ್ತಿದ್ದರು. ಮಳೆ ಇಲ್ಲದ ದಿನ ‘ಇಲ್ಲ’ ಅಂತ ಬರೆಯುತ್ತಿದ್ದರು, ಖಾಲಿ ಬಿಡುತ್ತಿರಲಿಲ್ಲ. ಖಾಲಿ ಬಿಟ್ಟರೆ ಮಳೆ ಬಂದಿಲ್ಲ ಅಂತಲೋ, ರೈಟರ್ ಬಂದಿಲ್ಲ ಅಂತಲೋ ಗೊತ್ತಾಗಲ್ಲ ಅಂತ.

ನಾನು ನೇರವಾಗಿ 2018ರ ಆಗಸ್ಟಿಗೆ, ಕೊಡಗಿನಲ್ಲಿ ಬೆಟ್ಟಗಳು ಕುಸಿದ ತಿಂಗಳಿಗೆ ಹೋದೆ. ಯಾರಾದರೂ ಅಲ್ಲಿಗೇ ಹೋಗುತ್ತಿದ್ದರು. ತಿಂಗಳ ಮೊದಲಿನಿಂದಲೇ ಅಂಕಿಗಳು ದಪ್ಪವಾಗುತ್ತಾ ಬರುತ್ತವೆ. ಹದಿನಾಲ್ಕು, ಹದಿನೈದು, ಹದಿನಾರನೇ ತಾರೀಕು, ಒಂದಕ್ಕಿಂತ ಒಂದು ಜಾಸ್ತಿ. ಅಕ್ಷರ ಮಾತ್ರ ಒಂದೇ ಥರ, ಅದೇ ನೀಲಿ ಶಾಯಿ. ಹದಿನೇಳನೇ ತಾರೀಕಿನ ಮುಂದೆ ಹೀಗೆ ಬರೆದಿದ್ದರು:

‘ಅಳತೆ ಇಲ್ಲ. ಗೇಜ್ ಇದ್ದ ಜಾಗ ಇಲ್ಲ.’

ಹದಿನೆಂಟಕ್ಕೆ ‘ಅದೇ’. ಹತ್ತೊಂಬತ್ತಕ್ಕೆ ‘ಅದೇ’. ತಿಂಗಳ ಕೊನೆಯವರೆಗೂ ‘ಅದೇ’.

ಗೇಜ್ ಒಡೆದಿದೆ ಅಂತಲ್ಲ, ಬಿದ್ದಿದೆ ಅಂತಲ್ಲ. ಗೇಜ್ ಇದ್ದ ಜಾಗ ಇಲ್ಲ. ಹಿಂದಿನ ಮಧ್ಯಾಹ್ನ ಲೈನ್ ಮನೆಗಳಲ್ಲಿದ್ದ ತೋಟದ ಆಳುಗಳನ್ನೆಲ್ಲ ಹೊರಡಿಸಿ, ಗೋದಾಮಿಗೆ ಬೀಗ ಹಾಕಿ, ಚೆಕ್‌ರೋಲು ಮತ್ತು ಈ ಪುಸ್ತಕವನ್ನು ಗೊಬ್ಬರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ನಡೆದು ಬಂದವರು ಅವರು. ಬೆಳಿಗ್ಗೆ ದಾರಿ ಇದ್ದಷ್ಟು ದೂರ ವಾಪಸ್ ಹೋಗಿ ನೋಡಿದರು. ಕಣ ಇಲ್ಲ, ಗೋದಾಮಿಲ್ಲ, ಅವು ನಿಂತಿದ್ದ ಗುಡ್ಡದ ಬರೆ ಪೂರ್ತಿ ಇಲ್ಲ. ಕೆಳಗೆ ಕೆಸರು. ಎಂಟು ಗಂಟೆಯಾಗಿತ್ತು, ಅಳತೆ ಬರೆಯುವ ಹೊತ್ತು. ಬರೆದರು. ಗೋದಾಮಿನ ಕೀ ಈಗಲೂ ಅವರ ಮನೆ ಗೋಡೆಯ ಮೊಳೆಯಲ್ಲಿದೆ. ಕಟ್ಟಿನಲ್ಲಿ ಅರ್ಜೆಂಟೀನಾದ ಹುಲಿಯೋ ಕೊರ್ತಾಸರ್ 1946ರಲ್ಲಿ ಪ್ರಕಟಿಸಿದ ಕತೆ ಇದೆ. ಅಣ್ಣ ತಂಗಿ ಇಬ್ಬರೇ ಇರುವ ಹಳೇ ಮನೆಯನ್ನು ಯಾರೋ, ಏನೋ, ಕೋಣೆ ಕೋಣೆಯಾಗಿ ಹಿಡಿಯುತ್ತಾ ಬರುತ್ತೆ. ಯಾರು ಅಂತ ಕೊನೆಗೂ ಹೇಳುವುದಿಲ್ಲ. ಇವರು ಹಿಂದೆ ಹಿಂದೆ ಸರಿಯುತ್ತಾರೆ, ಒಳಗೆ ಏನೇನು ಉಳಿಯಿತು ಅಂತ ನೆನಪು ಮಾಡಿಕೊಳ್ಳುತ್ತಾರೆ, ಕೊನೆಗೆ ಬೀದಿಗೆ ಬಂದು ಬೀಗ ಹಾಕಿ ಕೀಯನ್ನು ಚರಂಡಿಗೆ ಎಸೆಯುತ್ತಾರೆ. ವಿಮರ್ಶಕರು ಇದಕ್ಕೆ ರಾಜಕೀಯದ ಅರ್ಥ ಹೇಳುತ್ತಾರೆ, ಹೇಳಲಿ. ರೈಟ್ರಿಗೆ ಕತೆ ಪೂರ್ತಿ ಹಿಡಿಸಿತ್ತು, ಕೊನೆ ಒಂದು ಬಿಟ್ಟು. “ಕೀ ಬಿಸಾಡಬಾರದಿತ್ತು” ಅಂದಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ.

ಆ ಆಗಸ್ಟಿನಲ್ಲಿ ನಾನು ಒಂದು ಪರಿಹಾರ ಕೇಂದ್ರದಲ್ಲಿ ಅರ್ಜಿ ತುಂಬಿಸಿಕೊಡುತ್ತಾ ಕೂತಿದ್ದೆ, ಅಕ್ಷರ ಚೆನ್ನಾಗಿದೆ ಅಂತ. ಜೀವ ಹೋದ ಮನೆಗಳ ಮಾತು ಇಲ್ಲಿ ಬೇಡ. ಉಳಿದವರು ಹೇಳಿದ್ದನ್ನೇ ಬರೆಯುತ್ತೇನೆ. ಸಿಲ್ವರ್ ಮರ ಮೆಣಸಿನ ಬಳ್ಳಿ ಸಮೇತ ನಿಂತ ಹಾಗೇ ಕೆಳಗೆ ಹೋಯ್ತು ಅಂತ ಒಬ್ಬರು ಹೇಳಿದರು, ಬಸ್ಸು ಹೋಯ್ತು ಅನ್ನೋ ಹಾಗೆ. ಇನ್ನೊಬ್ಬರು ಹಿರಿಯರು ಅರ್ಜಿಯ ಮೇಲೆ ಬೆರಳಿಟ್ಟು ಮೆತ್ತಗೆ ಕೇಳಿದರು: “ನನ್ನ ಅರ್ಧ ಎಕರೆ ರೋಬಸ್ಟಾ ಈಗ ಕೆಳಗಿನವರ ಗದ್ದೆ ಮೇಲೆ ಹೋಗಿ ಕೂತಿದೆ. ಗಿಡದಲ್ಲಿ ಕಾಯಿ ಇದೆ. ಡಿಸೆಂಬರಿಗೆ ಕುಯ್ಯೋದು ಯಾರು, ನಾನಾ ಅವರಾ?” ಅರ್ಜಿಯಲ್ಲಿ ಸರ್ವೆ ನಂಬರಿಗೆ ಜಾಗ ಇತ್ತು, ಮನೆ ಪೂರ್ತಿ ಹೋಗಿದೆಯೋ ಭಾಗಶಃ ಹೋಗಿದೆಯೋ ಅನ್ನೋದಕ್ಕೆ ಜಾಗ ಇತ್ತು. ನಡೆದು ಹೋದ ತೋಟಕ್ಕೆ ಜಾಗ ಇರಲಿಲ್ಲ. ನಾನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಟ್ಟೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ.

ಅಲ್ಲಿ ಯಾರೂ ದನಿ ಎತ್ತಲಿಲ್ಲ, ಯಾರೂ ಉಪಮೆ ಹಾಕಲಿಲ್ಲ. ನಂಬಲಾಗದ ವಿಷಯ ಹೇಳುವವರು ನಂಬಿಸೋಕೆ ಹೋಗುವುದಿಲ್ಲ. ಗಿಡ ಎಷ್ಟು, ಕಾಯಿ ಎಷ್ಟು, ಕುಯ್ಯುವವರು ಯಾರು, ಇಷ್ಟೇ. ಈ ದನಿಯನ್ನು ನಾನು ಹತ್ತು ವರ್ಷ ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕಿದ್ದೆ.

ತಡವಾಗಿ ಬಂದ ದೀಪ

ಇಂಗ್ಲಿಷೇ ಯಾಕೆ, ಕನ್ನಡದ ಅಡುಗೆಮನೆಯಲ್ಲೇ ಇತ್ತು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮದೇ ಜನಪದ ಕತೆ. ಒಬ್ಬ ಗೃಹಿಣಿಗೆ ಒಂದು ಕತೆ ಗೊತ್ತು, ಒಂದು ಹಾಡು ಗೊತ್ತು. ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಕಟ್ಟಿದ ಕತೆ ಮತ್ತು ಹಾಡು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬರುತ್ತವೆ. ಕತೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂರುತ್ತೆ, ಹಾಡು ಒಂದು ಗಂಡಸಿನ ಕೋಟಾಗಿ ಗೂಟದಲ್ಲಿ ತೂಗುತ್ತೆ. ಗಂಡ ಬಂದು ನೋಡುತ್ತಾನೆ, ಯಾರು ಬಂದಿದ್ದು ಅಂತ ಜಗಳ. ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಜ್ವಾಲೆಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವ ಪದ್ಧತಿ. ಇವನ ಮನೆಯ ಜ್ವಾಲೆ ಅವತ್ತು ತಡವಾಗಿ ಬರುತ್ತೆ. ಯಾಕೆ ತಡ ಅಂತ ಉಳಿದವು ವಿಚಾರಿಸುತ್ತವೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಬಳಸಿಕೊಂಡಿದ್ದು ಇದೇ ಜ್ವಾಲೆಗಳನ್ನು, ನಿಮಗೆ ಗೊತ್ತಿರುತ್ತೆ.

ರೈಟ್ರು ಈ ಕತೆಯನ್ನು ಎರಡು ಸಲ ಓದಿಸಿದರು. “ನೋಡಿದ್ಯಾ, ದೀಪಗಳಿಗೂ ಹಾಜರಿ ಇದೆ!”

ಹೊಸ ಕನ್ನಡಕ ಬಂದ ಮೇಲೆ ಕಟ್ಟನ್ನು ಮನೆಗೆ ತೆಗೆದುಕೊಂಡು ಹೋದರು. ಮರುವಾರ ಸಿಕ್ಕಿದಾಗ ಮೊದಲ ಮಾತೇ ದೂರು. ಎಪ್ಪತ್ತೆರಡನೇ ಪುಟ ಆದ ಮೇಲೆ ತೊಂಬತ್ತನೇ ಪುಟ ಇದೆ, ಮೂಗು ಹುಡುಕುತ್ತಿದ್ದವನು ಇದ್ದಕ್ಕಿದ್ದ ಹಾಗೆ ತಂಗಿ ಸ್ವೆಟರ್ ಹೆಣೆಯೋದನ್ನು ನೋಡ್ತಾ ಕೂತಿದ್ದಾನೆ, ಇದೇನು ಅಂತ. ಬೈಂಡ್ ಮಾಡಿದವರು ಗೊಗೋಲನ ಹಾಳೆಯನ್ನೂ ಕೊರ್ತಾಸರನ ಹಾಳೆಯನ್ನೂ ಅದಲು ಬದಲು ಮಾಡಿದ್ದರು. ನಾನು ತಿರುಗಿ ನೋಡಿರಲಿಲ್ಲ. ಅವರಿಗೆ ಓದಿ ಹೇಳುವಾಗಲೂ ನನ್ನ ಕೈಬರಹದ ಪ್ರತಿ ಇಟ್ಟುಕೊಂಡಿದ್ದೆ. ನಗು ಬರುವ ವಿಷಯ ಬೇರೆ ಇದೆ. ಅವರಿಗಿಂತ ಮೊದಲು ಈ ಕಟ್ಟನ್ನು ಬೆಂಗಳೂರಿನ ಸ್ನೇಹಿತನೊಬ್ಬ ಓದಿ, ಸಾಹಿತ್ಯ ಬಲ್ಲವನು, ಮೂಗಿನ ಕತೆಯ ನಡುವೆ ಆ ಜಿಗಿತ ಅದ್ಭುತ ಅಂತ ಹೊಗಳಿದ್ದ. ನಾನೂ ಹೂಂ ಅಂದಿದ್ದೆ.

ಪುಟಗಳನ್ನು ಸರಿ ಮಾಡಿಸಲು ಕಟ್ಟು ಬಿಚ್ಚಿದಾಗ ಗೊತ್ತಾಯಿತು, ರೈಟ್ರು ಪ್ರತಿ ಕತೆಯ ಕೊನೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಚೆಕ್‌ರೋಲಿನ ಗುರುತೇ. ಹುಳುವಿಗೆ ಒಂದು ಗೀಟು. ಮೂಗಿಗೆ ಒಂದು. ದೀಪಗಳಿಗೆ ಒಂದು. ಮಂಜಿನ ಅಜ್ಜನಿಗೆ ಅರ್ಧ, ಅದೂ ಮುಲಾಜಿಗೆ ಅಂತ ಕಾಣುತ್ತೆ. ಹಲವಕ್ಕೆ ಸೊನ್ನೆ. ಡೇನಿಯಲ್ ಖಾರ್ಮ್ಸ್‌ನ ಕತೆಗೆ ಮಾತ್ರ ಒಂದು ಗೀಟು ಹಾಕಿ, ಹೊಡೆದು, ಸೊನ್ನೆ ಹಾಕಿ, ಅದನ್ನೂ ಹೊಡೆದು, ಮತ್ತೆ ಗೀಟು ಹಾಕಿದ್ದರು. ಖಾರ್ಮ್ಸ್ ರಷ್ಯಾದವನು, ಬದುಕಿದ್ದಾಗ ಮಕ್ಕಳ ಬರಹಗಾರ ಅಂತಲೇ ಹೆಸರು, 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯ ನಡುವೆ ಜೈಲಿನ ಆಸ್ಪತ್ರೆಯಲ್ಲಿ ಸತ್ತ. ಅವನ ಹಸ್ತಪ್ರತಿಗಳನ್ನು ಸ್ನೇಹಿತನೊಬ್ಬ ಸೂಟ್‌ಕೇಸಿನಲ್ಲಿ ತುಂಬಿ ಉಳಿಸಿದ್ದರಿಂದ ನಮಗೆ ಸಿಕ್ಕಿವೆ. ಆ ಕತೆ ಅರ್ಧ ಪುಟ ಕೂಡ ಇಲ್ಲ. ಒಬ್ಬ ಕೆಂಪು ಕೂದಲಿನವನಿದ್ದ. ಅವನಿಗೆ ಕಣ್ಣಿರಲಿಲ್ಲ, ಕಿವಿ ಇರಲಿಲ್ಲ, ಕೂದಲೂ ಇರಲಿಲ್ಲ. ಬಾಯಿಲ್ಲ, ಮೂಗಿಲ್ಲ, ಕೈಕಾಲಿಲ್ಲ, ಹೊಟ್ಟೆಯಿಲ್ಲ, ಏನೂ ಇಲ್ಲ. ಹಾಗಾದ್ರೆ ಯಾರ ಬಗ್ಗೆ ಮಾತಾಡ್ತಾ ಇದ್ದೀವಿ ಅಂತ ಕತೆಯೇ ಕೇಳಿಕೊಂಡು ಸುಮ್ಮನಾಗುತ್ತೆ.

ಇದಕ್ಕೆ ಯಾಕೆ ಇಷ್ಟು ಹೊಡೆದು ಬರೆದಿದ್ದೀರಿ ಅಂತ ಕೇಳಿದೆ. ರೈಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ಇವನು ನಮ್ಮ ಚೆಕ್‌ರೋಲ್‌ನಲ್ಲೂ ಇದ್ದ ಮಾರಾಯ. ನಾನು ಸೇರೋಕೆ ಮೊದಲೇ ಇದ್ದ. ಹೆಸರಿತ್ತು, ಆಳಿರಲಿಲ್ಲ. ಹಳೇ ಮೇಸ್ತ್ರಿಯ ಕೆಲಸ. ನಾನು ಹಿಡಿಯೋ ಹೊತ್ತಿಗೆ ಆರು ತಿಂಗಳ ಸಂಬಳ ತಗೊಂಡಿದ್ದ. ಕೈಯಿಲ್ಲ, ಕಾಲಿಲ್ಲ, ಏನೂ ಇಲ್ಲ ಅವನಿಗೆ. ಆದ್ರೆ ಪ್ರತಿ ವಾರ ಹೆಬ್ಬೆಟ್ಟು ಒತ್ತಿದ್ದ.”